ಆಹಾರ ಕಾನೂನಿನ ವಕೀಲಿಕೆ: ವಿಜ್ಞಾನದ ಡಿಗ್ರಿ ಬೇಕೆ, ಕೆಲಸ ಎಲ್ಲಿದೆ?

ಪ್ರಶ್ನೆ: ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಮುಗಿಸಿ ಎರಡು ವರ್ಷದಿಂದ ಜಿಲ್ಲಾ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಕೈಕೆಳಗಿದ್ದೇನೆ. ಬರುವುದೆಲ್ಲ ಜಮೀನಿನ ದಾವೆ, ಚೆಕ್ ಬೌನ್ಸ್. ಆಹಾರ ಕಾನೂನು ಮತ್ತು ಆಹಾರ ನೀತಿಯ ಕಡೆ ಹೋಗಬೇಕೆಂದಿದೆ, ಆದರೆ ಪಿಯುಸಿ ಮಾಡಿದ್ದು ಕಲಾ ವಿಭಾಗದಲ್ಲಿ. ಆಹಾರ ಸುರಕ್ಷತಾಧಿಕಾರಿ ಹುದ್ದೆಗೆ ಅರ್ಜಿ ಹಾಕಬಹುದೆ? ಬೇರೆ ಕೋರ್ಸ್ ಬೇಕೆ? ನಿಜವಾಗಿ ಕೆಲಸ ಎಲ್ಲಿ ಸಿಗುತ್ತದೆ?

ಉತ್ತರ: ಹುದ್ದೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಆಹಾರ ಸುರಕ್ಷತಾಧಿಕಾರಿ ಆಗಲು ಎಲ್‌ಎಲ್‌.ಬಿ. ಸಾಲದು. 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳಲ್ಲಿ ಆ ಹುದ್ದೆಗೆ ಬೇಕಾದ ಪದವಿಗಳ ಪಟ್ಟಿ ಇದೆ. ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಕೃಷಿ, ಪಶುವೈದ್ಯ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ, ವೈದ್ಯಕೀಯ, ಹೀಗೆ ಸಾಗುವ ಪಟ್ಟಿಯಲ್ಲಿ ಕಾನೂನು ಇಲ್ಲ. ಆಹಾರ ವಿಶ್ಲೇಷಕರ ಹುದ್ದೆಯೂ ವಿಜ್ಞಾನ ಓದಿದವರಿಗೇ. ಆ ಬಾಗಿಲು ಬಡಿಯುತ್ತಾ ಕಾಲ ಕಳೆಯಬೇಡಿ.

ವಕೀಲಿಕೆಯ ಬಾಗಿಲು ಮಾತ್ರ ಅಗಲವಾಗಿಯೇ ತೆರೆದಿದೆ, ಮತ್ತು ಅದು ನೀವು ದಿನವೂ ಹೋಗುವ ಕೋರ್ಟಿನಿಂದ ಕೂಗಳತೆಯಲ್ಲಿದೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಮೊಕದ್ದಮೆ ಎಂದರೆ ಕ್ರಿಮಿನಲ್ ಕೋರ್ಟೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳು 5 ಆಗಸ್ಟ್ 2011ರಿಂದ ಜಾರಿಗೆ ಬಂದ ಮೇಲೆ ದಾರಿ ಎರಡಾಯಿತು. ಜೈಲು ಇಲ್ಲದ, ಬರೀ ದಂಡದ ಪ್ರಕರಣಗಳನ್ನು ಕಲಂ 68ರಡಿ ನ್ಯಾಯನಿರ್ಣಯಾಧಿಕಾರಿ ನೋಡುತ್ತಾರೆ. ನಮ್ಮಲ್ಲಿ ಅವರು ಅಪರ ಜಿಲ್ಲಾಧಿಕಾರಿ, ಅಂದರೆ ಎಡಿಸಿ. ಕಳಪೆ ಗುಣಮಟ್ಟಕ್ಕೆ ಕಲಂ 51ರಲ್ಲಿ 5 ಲಕ್ಷದವರೆಗೆ, ಲೇಬಲ್ ತಪ್ಪಿಗೆ ಕಲಂ 52ರಲ್ಲಿ 3 ಲಕ್ಷದವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ ಕಲಂ 53ರಲ್ಲಿ 10 ಲಕ್ಷದವರೆಗೆ ದಂಡವಿದೆ. ಕಂದಾಯದ ಕೇಸಿಗೆಂದು ಎಡಿಸಿ ಕಚೇರಿಯ ಮೆಟ್ಟಿಲು ಹತ್ತುವ ವಕೀಲರಲ್ಲಿ ಬಹಳ ಮಂದಿಗೆ ಪಕ್ಕದ ಟೇಬಲಿನಲ್ಲೇ ಈ ಫೈಲುಗಳಿರುವುದು ಗೊತ್ತಿಲ್ಲ. ಕಿರಾಣಿ ಅಂಗಡಿಯವರು, ಬೇಕರಿಯವರು, ಎಣ್ಣೆ ಗಾಣದವರು ವಕೀಲರಿಲ್ಲದೆ ಬಂದು, "ತಪ್ಪಾಯ್ತು ಸ್ವಾಮಿ" ಎಂದು ದಂಡ ಕಟ್ಟಿ ಹೋಗುತ್ತಾರೆ. ತಪ್ಪೇ ಆಗಿರಲಿಲ್ಲ ಎಂಬಂಥ ಪ್ರಕರಣಗಳೂ ಅದರಲ್ಲಿರುತ್ತವೆ.

ಅಂಥದ್ದೊಂದು ಫೈಲು ಹೇಗಿರುತ್ತದೆ ನೋಡಿ. ಬೆಳಿಗ್ಗೆ ಒಬ್ಬ ವ್ಯಾಪಾರಿಯ ಕ್ಯಾನಿನಿಂದ ಹಾಲಿನ ಸ್ಯಾಂಪಲ್ ತೆಗೆದಿದ್ದಾರೆ. ವರದಿಯಲ್ಲಿ ಕೊಬ್ಬು ಶೇ 3.6, ಕೊಬ್ಬೇತರ ಘನಾಂಶ, ಅಂದರೆ ಡೇರಿಯವರ ಬಾಯಲ್ಲಿ ಎಸ್‌ಎನ್‌ಎಫ್, ಶೇ 8.4. ಕೊನೆಗೆ ಷರಾ: ಕಳಪೆ ಗುಣಮಟ್ಟ. ವರದಿಯ ಈ ಕೊನೆಯ ಸಾಲನ್ನಷ್ಟೇ ಓದುವ ವಕೀಲ ಕರುಣೆ ಬೇಡಲು ಶುರುಮಾಡುತ್ತಾನೆ. ಅಂಕಿ ಓದುವವನು ಮಾನದಂಡದ ಕೋಷ್ಟಕ ತೆಗೆಯುತ್ತಾನೆ. ಹಸುವಿನ ಹಾಲಿಗೆ ಕನಿಷ್ಠ ಕೊಬ್ಬು ಶೇ 3.2, ಎಸ್‌ಎನ್‌ಎಫ್ ಶೇ 8.3. ಮಿಶ್ರ ಹಾಲಿಗೆ ಶೇ 4.5 ಮತ್ತು ಶೇ 8.5. ಅಂದರೆ ಅದೇ ಹಾಲು ಹಸುವಿನದಾದರೆ ಪಾಸು, ಮಿಶ್ರವಾದರೆ ನಪಾಸು. ಈಗ ನೋಡಬೇಕಾದ್ದು ಹಾಲನ್ನಲ್ಲ, ಕಾಗದವನ್ನು. ಸ್ಯಾಂಪಲ್ ತೆಗೆಯುವಾಗ ವ್ಯಾಪಾರಿಗೆ ಕೊಟ್ಟ ನಮೂನೆ 5ಎ ನೋಟಿಸಿನಲ್ಲಿ ಏನೆಂದು ಬರೆದಿದೆ? ವಿಶ್ಲೇಷಕರಿಗೆ ಕಳಿಸಿದ ನಮೂನೆ 6ರಲ್ಲಿ ಏನಿದೆ? ಕ್ಯಾನಿನ ಮೇಲೆ, ಬಿಲ್ಲಿನ ಮೇಲೆ? ಒಂದರಲ್ಲಿ "ಹಸುವಿನ ಹಾಲು", ಇನ್ನೊಂದರಲ್ಲಿ ಬರೀ "ಹಾಲು", ವರದಿಯಲ್ಲಿ "ಮಿಶ್ರ ಹಾಲು" ಎಂದಿದ್ದರೆ ನಿಮ್ಮ ವಾದ ಅಲ್ಲೇ ಇದೆ. ಸ್ಯಾಂಪಲ್ ತೆಗೆಯುವ ಮುನ್ನ ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿದರೇ ಎಂಬುದೂ ಪಂಚನಾಮೆಯಲ್ಲಿ ಹುಡುಕಬೇಕಾದ ಮಾತು. ನಿಂತ ಹಾಲಿನಲ್ಲಿ ಕೆನೆ ಮೇಲೇರಿರುತ್ತದೆ, ಅಡಿಯಿಂದ ಬಂದ ಸ್ಯಾಂಪಲಿನಲ್ಲಿ ಕೊಬ್ಬು ಕಡಿಮೆ ಕಾಣುತ್ತದೆ. ಸ್ಯಾಂಪಲ್ ಕೆಡದಂತೆ ಫಾರ್ಮಲಿನ್ ಹಾಕಿದ್ದು ದಾಖಲಾಗಿದೆಯೇ, ಬಾಟಲಿ ಲ್ಯಾಬ್ ತಲುಪಿದ್ದು ಎಷ್ಟನೇ ದಿನ ಎಂಬುದೂ ಅಷ್ಟೇ ಮುಖ್ಯ.

ನಿಮ್ಮ ವಿಜ್ಞಾನದ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಡಿಗ್ರಿ ಬೇಡ. ಒಂದು ವರದಿಯಲ್ಲಿ ಯಾವ ಅಂಕಿಯನ್ನು ಯಾವ ಕೋಷ್ಟಕದ ಯಾವ ಸಾಲಿಗೆ ಹಿಡಿದು ನೋಡಿದ್ದಾರೆ, ಯಾವ ವಿಧಾನದಲ್ಲಿ ಪರೀಕ್ಷಿಸಿದ್ದಾರೆ, ಆ ಲ್ಯಾಬಿಗೆ ಆ ಪರೀಕ್ಷೆಯ ಮಾನ್ಯತೆ ಇತ್ತೇ, ಇಷ್ಟನ್ನು ಕೇಳಲು ಬರಬೇಕು. ಆರು ತಿಂಗಳು ಕೂತರೆ ಕಲಾ ವಿಭಾಗದವರಿಗೂ ಬರುತ್ತದೆ.

ಇನ್ನು ಗಡುವುಗಳು. ಈ ಕ್ಷೇತ್ರದಲ್ಲಿ ಕೇಸು ಸೋಲುವುದು ಹೆಚ್ಚಾಗಿ ವಾದದಲ್ಲಲ್ಲ, ಕ್ಯಾಲೆಂಡರಿನಲ್ಲಿ. ಕಲಂ 47ರ ಪ್ರಕಾರ ಸ್ಯಾಂಪಲ್ ನಾಲ್ಕು ಭಾಗವಾಗುತ್ತದೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ (ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಉಸ್ತುವಾರಿ ಹೊತ್ತವರು) ಬಳಿ ಭದ್ರ, ನಾಲ್ಕನೆಯದು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಲ್ಯಾಬಿಗೆ. "ಕೇಳಿದರೆ" ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಅಲ್ಲೇ, ಆಗಲೇ, ಬರವಣಿಗೆಯಲ್ಲಿ ಕೇಳದ ವ್ಯಾಪಾರಿ ಒಂದು ಹಕ್ಕನ್ನು ಕಳೆದುಕೊಂಡ ಹಾಗೆಯೇ. ನಿಮಗೆ ಕಾಯಂ ಕಕ್ಷಿದಾರರಾದ ಬೇಕರಿಯೋ ಹೋಟೆಲೋ ಇದ್ದರೆ ಈ ಕೋರಿಕೆಯ ಒಂದು ಪುಟದ ಪತ್ರವನ್ನು ಮೊದಲೇ ಅಚ್ಚು ಹಾಕಿಸಿ ಗಲ್ಲಾಪೆಟ್ಟಿಗೆಯ ಡ್ರಾಯರಿನಲ್ಲಿ ಇಡಿಸಿ. ಎರಡು ಲ್ಯಾಬುಗಳ ವರದಿ ಬೇರೆಬೇರೆಯಾದರೆ ಅಂಕಿತಾಧಿಕಾರಿ ತಮ್ಮಲ್ಲಿರುವ ಒಂದು ಭಾಗವನ್ನು ರೆಫರಲ್ ಲ್ಯಾಬಿಗೆ ಕಳಿಸಬೇಕು, ಅದರ ಮಾತೇ ಅಂತಿಮ. ಮೈಸೂರಿನ ಸಿಎಫ್‌ಟಿಆರ್‌ಐ ಅಂಥ ಒಂದು ಲ್ಯಾಬ್.

ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ತಡವಾದರೆ ಇಡೀ ಪ್ರಕರಣವೇ ಬಿದ್ದುಹೋಗುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳ ದನಿ ಒಂದೇ ಅಲ್ಲ, ನಿಮ್ಮ ಹೈಕೋರ್ಟಿನ ಇತ್ತೀಚಿನ ತೀರ್ಪನ್ನೇ ಹಿಡಿಯಿರಿ. ವರದಿ ಕೈಸೇರಿದ 30 ದಿನದೊಳಗೆ ನಮೂನೆ 8ರಲ್ಲಿ ಅಂಕಿತಾಧಿಕಾರಿಗೆ ಮೇಲ್ಮನವಿ ಹಾಕಿ ರೆಫರಲ್ ಲ್ಯಾಬಿನ ಮರುಪರೀಕ್ಷೆ ಕೇಳಬಹುದು. ನೋಟಿಸ್ ಬಂದಾಗ ಗಾಬರಿಯಾಗದ ವ್ಯಾಪಾರಿ ವರದಿಯನ್ನು ಕಪಾಟಿನಲ್ಲಿಟ್ಟು, ನಾಲ್ಕು ತಿಂಗಳ ನಂತರ ಎಡಿಸಿ ಕಚೇರಿಯ ಸಮನ್ಸ್ ಬಂದಾಗ ವಕೀಲರನ್ನು ಹುಡುಕುತ್ತಾನೆ. ಅಷ್ಟೊತ್ತಿಗೆ 30 ದಿನ ಎಂದೋ ಮುಗಿದಿರುತ್ತದೆ, ವರದಿಯನ್ನು ಒಪ್ಪಿಕೊಂಡೇ ವಾದ ಮಾಡಬೇಕಾಗುತ್ತದೆ. ಕೋರ್ಟಿಗೆ ಹೋಗುವ ಅಪರಾಧಗಳಲ್ಲಿ ಕಲಂ 77ರ ಮಿತಿಯೂ ಇದೆ. ಅಪರಾಧ ನಡೆದ ಒಂದು ವರ್ಷದೊಳಗೆ ಕೋರ್ಟು ಸಂಜ್ಞಾನ ತೆಗೆದುಕೊಳ್ಳಬೇಕು, ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಕಾರಣ ಬರೆದು ಒಪ್ಪಿದರೆ ಮೂರು ವರ್ಷದವರೆಗೆ. ಆ "ಕಾರಣ" ಎಂಬ ಕಡೆ ಅಚ್ಚಾದ ಒಂದೇ ಸಾಲು ಇರುವುದೂ ಉಂಟು, ಅದನ್ನು ಪ್ರಶ್ನಿಸಬಹುದು.

ಎಡಿಸಿ ಮುಂದೆ ಉತ್ತರ ಬರೆಯುವಾಗ ಕಲಂ 49 ಮರೆಯಬೇಡಿ. ದಂಡ ಎಷ್ಟೆಂದು ತೀರ್ಮಾನಿಸುವಾಗ ತಪ್ಪಿನಿಂದಾದ ಲಾಭ, ಯಾರಿಗಾದರೂ ಆದ ನಷ್ಟ, ತಪ್ಪು ಮರುಕಳಿಸಿದ್ದೇ, ಗೊತ್ತಿದ್ದೂ ಮಾಡಿದ್ದೇ ಎಂಬುದನ್ನು ಅವರು ನೋಡಲೇಬೇಕು. ಪ್ಯಾಕೆಟ್ಟು ಒಡೆಯದೆ ಮಾರಿದ ಚಿಲ್ಲರೆ ಅಂಗಡಿಯವನಿಗೂ ತಯಾರಕನಿಗೂ ಒಂದೇ ದಂಡ ಹಾಕಿದ ಆದೇಶ ಕಂಡರೆ ಈ ಕಲಂ ಹಿಡಿದು ಹೋಗಿ. ಖರೀದಿ ಬಿಲ್, ತಯಾರಕನ ಲೈಸೆನ್ಸ್ ನಂಬರ್, ದಾಸ್ತಾನಿಟ್ಟ ಜಾಗದ ಫೋಟೊ, ಇವು ಕಲಂ 80ರ "ತಕ್ಕ ಎಚ್ಚರ ವಹಿಸಿದ್ದೆ" ಎಂಬ ಸಮರ್ಥನೆಗೆ ಆಧಾರ. ಬೀದಿಬದಿ, ಕೈಗಾಡಿ, ಸಣ್ಣ ಚಿಲ್ಲರೆಯವರಿಗೆ ಕಲಂ 69ರಡಿ ರಾಜಿ ಮೊತ್ತ ಕಟ್ಟಿ ಮುಗಿಸುವ ದಾರಿಯೂ ಇದೆ. ಹತ್ತು ಸಲ ಹಾಜರಾಗುವ ಖರ್ಚಿಗಿಂತ ಅದು ಅಗ್ಗವಾದರೆ ಹಾಗೆಂದೇ ಕಕ್ಷಿದಾರನಿಗೆ ಹೇಳಿ. ಎಡಿಸಿ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ 60 ದಿನದೊಳಗೆ ಹೈಕೋರ್ಟಿಗೆ.

ಜೈಲಿರುವ ಪ್ರಕರಣ ಎಂದರೆ ಮುಖ್ಯವಾಗಿ ಕಲಂ 59ರ ಅಸುರಕ್ಷಿತ ಆಹಾರ. ಯಾರಿಗೂ ಹಾನಿಯಾಗದಿದ್ದರೆ ಈಗ ಮೂರು ತಿಂಗಳವರೆಗೆ ಜೈಲು ಮತ್ತು 3 ಲಕ್ಷದವರೆಗೆ ದಂಡ. 2023ರ ಜನ ವಿಶ್ವಾಸ ಕಾಯ್ದೆ ಬರುವ ಮುಂಚೆ ಇದು ಆರು ತಿಂಗಳು, ಒಂದು ಲಕ್ಷ ಇತ್ತು. ಹಳೆಯ ಪುಸ್ತಕಗಳಲ್ಲಿ ಇನ್ನೂ ಅದೇ ಇದೆ. ಸಾವು ಸಂಭವಿಸಿದರೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು, ದಂಡ 10 ಲಕ್ಷಕ್ಕೆ ಕಡಿಮೆ ಇಲ್ಲ. ಹಾಗಾಗಿ "ಕಳಪೆ" ಮತ್ತು "ಅಸುರಕ್ಷಿತ" ನಡುವಿನ ಗೆರೆ ಎಂದರೆ ಮನೆಗೂ ಜೈಲಿಗೂ ನಡುವಿನ ಗೆರೆ. ಕಲಂ 3ರ ವ್ಯಾಖ್ಯೆಯನ್ನು ಮೊದಲಿಂದ ಓದಿ. "ಆರೋಗ್ಯಕ್ಕೆ ಹಾನಿಕರವಾಗುವಷ್ಟು" ಎಂಬ ಮಾತು ಮೊದಲು ಬರುತ್ತದೆ, ಅದರ ಕೆಳಗೆ ಅನುಮತಿಯಿಲ್ಲದ ವಸ್ತು ಸೇರಿಸಿದ್ದು ಮುಂತಾದ ಉಪಖಂಡಗಳು. ಉಪಖಂಡ ಒಂದನ್ನೇ ಬರೆದು, ಹಾನಿಯ ಬಗ್ಗೆ ಅಭಿಪ್ರಾಯವೇ ಕೊಡದೆ "ಅಸುರಕ್ಷಿತ" ಎಂದ ವರದಿ ಬಂದರೆ ನಿಮ್ಮ ಪಾಟೀಸವಾಲಿನ ಮೊದಲ ಪ್ರಶ್ನೆ ಅದೇ ಆಗಬೇಕು.

ಮಾರ್ಚ್ 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣವನ್ನೂ ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಬಣ್ಣವನ್ನೂ ನಿಷೇಧಿಸಿತಲ್ಲ, ಅಲ್ಲೂ ಎರಡು ಬೇರೆ ವಿಷಯಗಳಿವೆ. ರೋಡಮೈನ್-ಬಿ ಯಾವ ಆಹಾರಕ್ಕೂ ಅನುಮತಿಯಿಲ್ಲದ ಬಣ್ಣ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ಹಾಗಲ್ಲ, ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಸಲ್ಲುತ್ತವೆ, ಗೋಬಿ ಮಂಚೂರಿಯಲ್ಲಿ ಸಲ್ಲುವುದಿಲ್ಲ. ಟಿವಿಯಲ್ಲಿ ಎರಡೂ "ವಿಷ"ವೇ, ಕಾನೂನಿನ ಕಣ್ಣಿಗೆ ಎರಡೂ ಬೇರೆಬೇರೆ ಆಪಾದನೆ.

ಪೊಲೀಸರು ಇದೇ ವಿಷಯಕ್ಕೆ ದಂಡ ಸಂಹಿತೆಯಲ್ಲೂ ಎಫ್‌ಐಆರ್ ಹಾಕಿದ್ದರೆ ರಾಮನಾಥ್ ವಿರುದ್ಧ ಉತ್ತರ ಪ್ರದೇಶ ರಾಜ್ಯ ಪ್ರಕರಣ ತೆಗೆಯಿರಿ. ಕಲಂ 89 ಈ ಕಾಯ್ದೆಗೆ ಮೇಲುಗೈ ಕೊಡುತ್ತದೆ, ಕಲಂ 59 ಅನ್ವಯವಾಗುವಲ್ಲಿ ಐಪಿಸಿ 272, 273 ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಫೆಬ್ರುವರಿ 2024ರಲ್ಲಿ ಹೇಳಿದೆ. ಆ ಎರಡು ಕಲಂಗಳು ಈಗ ಭಾರತೀಯ ನ್ಯಾಯ ಸಂಹಿತೆಯ 274 ಮತ್ತು 275.

ಹೈಕೋರ್ಟ್ ಮಟ್ಟದ ಕೆಲಸ ಬೇರೆ ಜಾತಿಯದು. ಅಲ್ಲಿ ಪದೇಪದೇ ಬರುವ ಪ್ರಶ್ನೆ ಒಂದೇ: ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ಹೊರಡಿಸಿದ ಈ ಕಾಗದ ವಿನಿಯಮವೇ, ಬರೀ ಸಲಹೆಯೇ? ವಿನಿಯಮವಾಗಬೇಕಾದರೆ ಕರಡು ಪ್ರಕಟವಾಗಿ, ಆಕ್ಷೇಪಣೆ ಕರೆದು, ರಾಜ್ಯಪತ್ರದಲ್ಲಿ ಬಂದು, ಸಂಸತ್ತಿನ ಮುಂದೆ ಇಡಬೇಕು. 2013ರಲ್ಲಿ ಹೊಸ ಉತ್ಪನ್ನಗಳಿಗೆ ಮುಂಚಿತ ಅನುಮೋದನೆ ಬೇಕೆಂದು ಪ್ರಾಧಿಕಾರ ಬರೀ ಸಲಹಾಪತ್ರದ ಮೂಲಕ ಹೇಳಿತು. ವೈಟಲ್ ನ್ಯೂಟ್ರಾಸ್ಯುಟಿಕಲ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2014ರಲ್ಲಿ ಅದಕ್ಕೆ ಕಾನೂನಿನ ಬಲವಿಲ್ಲ ಎಂದಿತು. ಆಗಸ್ಟ್ 2015ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದ ಮೇಲೆ ಆ ಪದ್ಧತಿಯೇ ನಿಂತುಹೋಯಿತು. ಅದೇ ತಿಂಗಳು ಬಂದ ಬಾಂಬೆ ಹೈಕೋರ್ಟಿನ ಮ್ಯಾಗಿ ತೀರ್ಪನ್ನು ಪೂರ್ತಿ ಓದಿ. ಜೂನ್ 2015ರ ನಿಷೇಧದ ಆದೇಶ ರದ್ದಾದದ್ದು ನೂಡಲ್ಸ್‌ನಲ್ಲಿ ಸೀಸ ಇಲ್ಲ ಎಂದು ಸಾಬೀತಾದ್ದರಿಂದಲ್ಲ. ಕಂಪನಿಯ ಮಾತು ಕೇಳದೆ ಆದೇಶ ಮಾಡಿದ್ದು, ಕಲಂ 43ರಡಿ ಮಾನ್ಯತೆಯಿಲ್ಲದ ಲ್ಯಾಬುಗಳ ವರದಿ ನಂಬಿದ್ದು, ಈ ಎರಡೇ ಕಾರಣ ಸಾಕಾಯಿತು. ಮಿತಿ 2.5 ಪಿಪಿಎಂ ದಾಟಿದೆಯೇ ಎಂಬುದನ್ನು ಕೋರ್ಟು ಮೂರು ಮಾನ್ಯ ಲ್ಯಾಬುಗಳ ಮರುಪರೀಕ್ಷೆಗೆ ಬಿಟ್ಟಿತು.

ಕೋರ್ಟಿಗೆ ಹೋಗದೆಯೇ ಆದೇಶಗಳು ಹಿಂದೆ ಸರಿದದ್ದೂ ಇದೆ. ಮಾರ್ಚ್ 2023ರಲ್ಲಿ ನಂದಿನಿ ಪ್ಯಾಕೆಟ್ಟಿನ ಮೇಲೆ "ದಹಿ" ದೊಡ್ಡದಾಗಿ, "ಮೊಸರು" ಆವರಣದೊಳಗೆ ಇರಬೇಕೆಂಬ ಸೂಚನೆ ಬಂದು, ಕರ್ನಾಟಕ, ತಮಿಳುನಾಡಿನಲ್ಲಿ ಗದ್ದಲವಾಗಿ, ತಿಂಗಳು ಮುಗಿಯುವುದರೊಳಗೆ ಬದಲಾಯಿತು. ಆಗಸ್ಟ್ 2024ರಲ್ಲಿ ಹಾಲಿನ ಪ್ರೋಟೀನಿನ ಬಗೆ ಹೇಳುವ ಎ1, ಎ2 ಎಂಬ ಹೆಸರು ತೆಗೆಯಿರಿ ಎಂದ ಸಲಹೆ ಐದೇ ದಿನದಲ್ಲಿ ವಾಪಸಾಯಿತು. ಇಂಥ ಕಾಗದ ನಂಬಿ ಲಕ್ಷಾಂತರ ಪ್ಯಾಕೆಟ್ಟು ಮರುಮುದ್ರಿಸಿದ ಕಂಪನಿಗೆ, ಮೊದಲ ದಿನವೇ "ಇದರ ಬಲ ಎಷ್ಟು" ಎಂದು ಹೇಳಬಲ್ಲ ವಕೀಲ ಬೇಕಿತ್ತು.

ನಿಜವಾದ ಕೆಲಸದ ಮೂಟೆ ಇರುವುದು ಕೋರ್ಟಿನ ಹೊರಗೆ, ಲೇಬಲ್ಲಿನಲ್ಲಿ. ಊರಿನ ಸ್ವಸಹಾಯ ಗುಂಪೊಂದು ರಾಗಿ ಬಿಸ್ಕತ್ತು ಮಾಡಿ, "ಸಕ್ಕರೆ ಸೇರಿಸಿಲ್ಲ, ಹೈ ಫೈಬರ್" ಎಂದು ಅಂದವಾಗಿ ಕನ್ನಡದಲ್ಲೇ ಅಚ್ಚು ಹಾಕಿಸಿದೆ ಅನ್ನಿ. ಮೂರು ಕಡೆ ತಪ್ಪಿದೆ. 2020ರ ಲೇಬಲಿಂಗ್ ವಿನಿಯಮದಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಬೇಕು, ಕನ್ನಡ ಜೊತೆಗಿರಬಹುದು, ಒಂದೇ ಸಾಲದು. ಸರಿಯೋ ತಪ್ಪೋ, ಸದ್ಯದ ಕಾನೂನು ಹಾಗಿದೆ. ಬೆಲ್ಲ ಹಾಕಿದ್ದರೆ "ಸಕ್ಕರೆ ಸೇರಿಸಿಲ್ಲ" ಎನ್ನುವಂತಿಲ್ಲ, ಕಾನೂನಿಗೆ ಬೆಲ್ಲವೂ ಸೇರಿಸಿದ ಸಕ್ಕರೆಯೇ. "ಹೈ ಫೈಬರ್" ಎನ್ನಲು 100 ಗ್ರಾಮಿಗೆ ಕನಿಷ್ಠ 6 ಗ್ರಾಂ ನಾರು ಬೇಕು. 3 ಗ್ರಾಂ ಇದ್ದರೆ "ನಾರಿನ ಮೂಲ" ಎನ್ನಬಹುದಷ್ಟೆ. ಮೈದಾ ಅರ್ಧಕ್ಕರ್ಧ ಬೆರೆಸಿದ ಬಿಸ್ಕತ್ತು 6 ಗ್ರಾಂ ಮುಟ್ಟುವುದು ಕಷ್ಟ, ಆದ್ದರಿಂದ ಲ್ಯಾಬ್ ವರದಿ ಕೈಗೆ ಬರುವವರೆಗೆ ಅಚ್ಚಿಗೆ ಕೊಡಬೇಡಿ ಎಂದು ಹೇಳುವುದು ನಿಮ್ಮ ಕೆಲಸ. ಇದರ ಜೊತೆಗೆ ನಿವ್ವಳ ತೂಕ, ಗರಿಷ್ಠ ಬೆಲೆ ಇವಕ್ಕೆ 2009ರ ಕಾನೂನು ಮಾಪನ ಕಾಯ್ದೆಯೂ 2011ರ ಪ್ಯಾಕೇಜ್ ನಿಯಮಗಳೂ ಇವೆ. ಆಹಾರ ಕಾಯ್ದೆ ಒಂದನ್ನೇ ಓದಿದವರು ಎಡವುವುದು ಇಲ್ಲೇ. ತಿಂಗಳಿಗೆ ಹತ್ತು ಲೇಬಲ್ ತಿದ್ದಿಕೊಡುವ ಕಕ್ಷಿದಾರರು ಐದಾರು ಮಂದಿ ಸಿಕ್ಕರೆ ಜೂನಿಯರ್ ವಕೀಲರ ಆಫೀಸು ಬಾಡಿಗೆಗೆ ಚಿಂತೆಯಿರುವುದಿಲ್ಲ.

ದೊಡ್ಡ ಕಂಪನಿಗಳಲ್ಲಿ ಈ ಕೆಲಸ ಮಾಡುವ ವಿಭಾಗಕ್ಕೆ ರೆಗ್ಯುಲೇಟರಿ ಅಫೇರ್ಸ್ ಎನ್ನುತ್ತಾರೆ. ಅಲ್ಲಿ ಆಹಾರ ತಂತ್ರಜ್ಞರೇ ಹೆಚ್ಚು, ವಕೀಲರು ಕಡಿಮೆ, ಅದೇ ನಿಮಗೆ ಅನುಕೂಲ. ಬೆಂಗಳೂರಿನಲ್ಲಿ ಆನ್‌ಲೈನ್ ದಿನಸಿ, ಡೆಲಿವರಿ, ಪ್ರೋಟೀನ್ ಪುಡಿಯ ಕಂಪನಿಗಳು ಸಾಲುಸಾಲಾಗಿವೆ. ಕಂಪನಿಗೆ ಸೇರುವಾಗ ಒಂದು ಎಚ್ಚರಿಕೆ: ಕಲಂ 66ರಡಿ ಕಂಪನಿ ಒಬ್ಬರನ್ನು ಜವಾಬ್ದಾರ ವ್ಯಕ್ತಿ ಎಂದು ನಮೂನೆ 9ರಲ್ಲಿ ನಾಮನಿರ್ದೇಶನ ಮಾಡುತ್ತದೆ. ಕಾರ್ಖಾನೆಯ ಮೇಲೆ ಯಾವ ಹಿಡಿತವೂ ಇಲ್ಲದ ಲೀಗಲ್ ಎಕ್ಸಿಕ್ಯೂಟಿವ್ ಆ ಕಾಗದಕ್ಕೆ ಸಹಿ ಹಾಕಬಾರದು. ಕಾಫಿ, ಸಾಂಬಾರ ಪದಾರ್ಥ ರಫ್ತು ಮಾಡುವವರಿಗೆ ಬೇಕಾದ್ದು ಕೊಳ್ಳುವ ದೇಶದ ಮಿತಿಗಳು. ಏಪ್ರಿಲ್ 2024ರಲ್ಲಿ ಹಾಂಕಾಂಗ್, ಸಿಂಗಪುರದಲ್ಲಿ ಭಾರತದ ಮಸಾಲೆಗಳಿಗೆ ಎಥಿಲಿನ್ ಆಕ್ಸೈಡಿನಿಂದ ಆದ ತೊಂದರೆಯ ನಂತರ ರಫ್ತು ಕರಾರಿನಲ್ಲಿ "ಸರಕು ತಿರಸ್ಕೃತವಾದರೆ ನಷ್ಟ ಯಾರದು" ಎಂಬ ಷರತ್ತು ಬರೆಸಲು ವಕೀಲರನ್ನು ಕೇಳುವವರಿದ್ದಾರೆ.

ನೀತಿಯ ಕಡೆ ಆಸೆ ಇದೆ ಎಂದಿರಿ. ಅಲ್ಲಿ ಎರಡು ಲೋಕಗಳಿವೆ, ಒಂದಕ್ಕೊಂದು ಮಾತಾಡುವುದೇ ಕಡಿಮೆ. ಒಂದು ಹಸಿವಿನದು: 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಆಹಾರದ ಹಕ್ಕಿನ ಪ್ರಕರಣ, ಅದೇ ವರ್ಷ ನವೆಂಬರ್ 28ರ ಬಿಸಿಯೂಟದ ಆದೇಶ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಅದರಡಿ ತಲೆಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯ, ದೂರು ಕೇಳಲು ರಾಜ್ಯ ಆಹಾರ ಆಯೋಗ. ಇನ್ನೊಂದು ಪ್ಯಾಕೆಟ್ಟಿನದು: ಮುಂಬದಿ ಎಚ್ಚರಿಕೆ ಲೇಬಲ್, ಮಕ್ಕಳ ತಿನಿಸಿನ ಜಾಹೀರಾತು, ಟ್ರಾನ್ಸ್ ಕೊಬ್ಬು. ಎರಡರಲ್ಲೂ ಹೊಸಬರು ಒಳಹೊಗುವ ಸುಲಭದ ದಾರಿ ಕರಡು ವಿನಿಯಮಗಳಿಗೆ ಆಕ್ಷೇಪಣೆ ಬರೆಯುವುದು. ಕಲಂ 18 ಸಾರ್ವಜನಿಕ ಸಮಾಲೋಚನೆಯನ್ನು ತತ್ವವಾಗಿಯೇ ಹೇಳುತ್ತದೆ, ಯಾರು ಬೇಕಾದರೂ ಬರೆಯಬಹುದು. "ಇದು ಜನವಿರೋಧಿ" ಎಂದು ಬರೆದರೆ ಯಾರೂ ಓದುವುದಿಲ್ಲ. ಯಾವ ಉಪಖಂಡ, ಈಗಿರುವ ಪದ, ಇರಬೇಕಾದ ಪದ, ಕಾರಣ, ಅಂತಾರಾಷ್ಟ್ರೀಯ ಆಹಾರ ಮಾನದಂಡಗಳಾದ ಕೋಡೆಕ್ಸ್‌ನಲ್ಲಿ ಏನಿದೆ, ಹೀಗೆ ಅಂಕಣ ಹಾಕಿ ಎರಡು ಪುಟ ಕಳಿಸಿ. ಅಂಥ ನಾಲ್ಕು ಆಕ್ಷೇಪಣೆಗಳ ಪ್ರತಿ, ನೀತಿ ಸಂಸ್ಥೆಗಳಲ್ಲಿ ಕೆಲಸ ಕೇಳುವಾಗ, ಯಾವ ಡಿಪ್ಲೊಮಾಗಿಂತ ಚೆನ್ನಾಗಿ ಮಾತಾಡುತ್ತದೆ.

ಕೋರ್ಸಿನ ವಿಷಯದಲ್ಲಿ ದುಡ್ಡು ಹಿಡಿದಿಟ್ಟುಕೊಳ್ಳಿ. ಇಗ್ನೊದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿರ್ವಹಣೆಯ ಪಿಜಿ ಡಿಪ್ಲೊಮಾದಂಥವು ವಿಜ್ಞಾನದ ಹಿನ್ನೆಲೆ ಕೇಳುತ್ತವೆ, ಪ್ರವೇಶದ ಅರ್ಹತೆ ನೋಡದೆ ಫೀಸು ಕಟ್ಟಬೇಡಿ. ಎಫ್‌ಎಸ್‌ಎಸ್‌ಎಐಯ ಫಾಸ್ಟ್ಯಾಕ್ ತರಬೇತಿ ಅಡುಗೆಮನೆ, ಕಾರ್ಖಾನೆಯ ಮೇಲ್ವಿಚಾರಕರಿಗಾಗಿ ಇರುವುದು. ಆದರೂ ಒಮ್ಮೆ ಕೂತು ಬನ್ನಿ, ತಪಾಸಣೆಗೆ ಬಂದ ಅಧಿಕಾರಿ ಏನೇನು ನೋಡುತ್ತಾರೆಂಬುದು ಗೊತ್ತಾಗುತ್ತದೆ.

ಈ ವಾರದ ಕೆಲಸ ಇಷ್ಟು. ಸೀನಿಯರ್ ಅನುಮತಿ ಪಡೆದು ಎಡಿಸಿ ಕಚೇರಿಯಲ್ಲಿ ಆಹಾರ ಪ್ರಕರಣಗಳ ವಿಚಾರಣೆ ಯಾವ ದಿನ ಎಂದು ಕೇಳಿಕೊಳ್ಳಿ, ಮೂರು ವಿಚಾರಣೆ ಕೂತು ನೋಡಿ. ವಿನಿಯಮಗಳ ಅಚ್ಚಾದ ಪುಸ್ತಕ ಕೊಳ್ಳಬೇಡಿ. ವರ್ಷದಲ್ಲಿ ಹಲವು ತಿದ್ದುಪಡಿ ಬರುತ್ತವೆ, ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಹಳತಾಗಿರುತ್ತದೆ. ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಪ್ರತಿ ವಿನಿಯಮದ ಸಂಕಲಿತ ಪ್ರತಿ, ಕೊನೆಯ ತಿದ್ದುಪಡಿಯ ದಿನಾಂಕ ಸಮೇತ ಸಿಗುತ್ತದೆ. ಇಳಿಸಿಕೊಂಡ ದಿನವನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಸ್ಯಾಂಪಲ್ ತೆಗೆದ ದಿನ ಯಾವ ಮಿತಿ ಜಾರಿಯಲ್ಲಿತ್ತು ಎಂದು ಎದುರು ಪಕ್ಷದವರು ಕೇಳಿದಾಗ ಹಳೆಯ ಪ್ರತಿಯೂ ಬೇಕಾಗುತ್ತದೆ, ಅಳಿಸಬೇಡಿ.